ಕಿರುತೆರೆಯ ನಿಜವೂ ನೋಡುವವನ ಮನಸ್ಸೂ

ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಸಾವಿರ ಕಂಬದ ಬಸದಿಯಿಂದ ಹೆಸರಾದ ಮೂಡುಬಿದಿರೆ - ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರು ತಾಲೂಕುಗಳಲ್ಲಿ ಕಣ್ಣಿಗೆ ಹಬ್ಬವಾಗುವ ನೋಟಗಳಿಗೆ ಬರಗಾಲವೆಂಬುದಿಲ್ಲ. ಮಳೆಗಾಲ ಕಳೆದು ಕೊಯ್ಲು ಮುಗಿಯಿತೆಂದರೆ ಬಯಲಾಟದ ಚೆಂಡೆಯ ಸದ್ದು ಊರೂರಿಗೆ ಕೇಳಿಸತೊಡಗುತ್ತದೆ. ಹೊಕ್ಕಾಡಿಗೋಳಿ, ವೇಣೂರು, ಮೂಡುಬಿದಿರೆಗಳಲ್ಲಿ ಕೋಣಗಳು ಕೆಸರಿನ ಕರೆಯಲ್ಲಿ ಓಡುತ್ತವೆ. ಕಾರ್ತಿಕ ಮಾಸದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಜನಸಾಗರವೇ ನೆರೆಯುತ್ತದೆ. ಹೀಗಿದ್ದರೂ ಇದೇ ಊರುಗಳ ಅನೇಕ ಮನೆಗಳಲ್ಲಿ, ರಾತ್ರಿ ಊಟದ ಹೊತ್ತಿಗೆ, ಬಹು ದೂರದ ಒಂದು ಮನೆಯೊಳಗೆ ಕೂಡಿಹಾಕಲ್ಪಟ್ಟ ಹದಿನೈದಿಪ್ಪತ್ತು ಮಂದಿ ಪರಸ್ಪರ ಜಗಳವಾಡುವುದನ್ನೂ ಅಳುವುದನ್ನೂ ಅಡುಗೆ ಮಾಡುವುದನ್ನೂ ಜನರು ಕಣ್ಣೆವೆಯಿಕ್ಕದೆ ನೋಡುತ್ತಾರೆ. ರಕ್ತಸಂಬಂಧವಿಲ್ಲ, ಪರಿಚಯವಿಲ್ಲ, ಆದರೂ ಅವರಲ್ಲೊಬ್ಬನು ಹೊರಬಿದ್ದರೆ ಇಲ್ಲಿ ಒಬ್ಬರ ಮನಸ್ಸು ಮುದುಡುತ್ತದೆ. ಇದರ ಮರ್ಮವೇನು? ಈ ನೋಟವು ನೋಡುವವನ ಮೇಲೆ ಯಾವ ಪರಿಣಾಮವನ್ನು ಉಂಟುಮಾಡುತ್ತದೆ? ಈ ಎರಡು ಪ್ರಶ್ನೆಗಳನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ.

ರಿಯಾಲಿಟಿ ಷೋ ಎಂದರೇನು?

ಬರೆದಿಟ್ಟ ಕಥೆಯಾಗಲಿ, ಕಂಠಪಾಠ ಮಾಡಿದ ಸಂಭಾಷಣೆಯಾಗಲಿ ಇಲ್ಲದೆ, ನಿಜವಾದ ವ್ಯಕ್ತಿಗಳನ್ನು ಒಂದು ಕೃತಕ ಸನ್ನಿವೇಶದಲ್ಲಿ ಇರಿಸಿ, ಅವರ ನಡೆನುಡಿಗಳನ್ನು ಚಿತ್ರೀಕರಿಸಿ ತೋರಿಸುವ ಕಾರ್ಯಕ್ರಮಕ್ಕೆ ರಿಯಾಲಿಟಿ ಷೋ ಎಂಬ ಹೆಸರು ರೂಢಿಗೆ ಬಂದಿದೆ. ಇಲ್ಲಿ ವ್ಯಕ್ತಿಗಳು ನಿಜ, ಸನ್ನಿವೇಶ ಕೃತಕ. ಈ ಎರಡು ಅಂಶಗಳನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯಕ.

ಇದರ ಬೀಜವು ಹೊಸತೇನಲ್ಲ. 1948ರಲ್ಲಿಯೇ ಅಮೆರಿಕೆಯಲ್ಲಿ ಆಲನ್ ಫಂಟ್ ಎಂಬವರು ಗುಪ್ತ ಕ್ಯಾಮರಾದಿಂದ ಜನಸಾಮಾನ್ಯರನ್ನು ಚಿತ್ರಿಸಿ ತೋರಿಸುವ ‘ಕ್ಯಾಂಡಿಡ್ ಕ್ಯಾಮರಾ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. 1973ರಲ್ಲಿ ಅದೇ ದೇಶದಲ್ಲಿ ಒಂದು ಸಂಸಾರದ ನಿತ್ಯಜೀವನವನ್ನು 12 ಕಂತುಗಳಲ್ಲಿ ಪ್ರದರ್ಶಿಸಲಾಯಿತು. 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ‘ಬಿಗ್ ಬ್ರದರ್’ ಹುಟ್ಟಿತು. ಜಾರ್ಜ್ ಆರ್ವೆಲ್ಲರು 1949ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟಿರುವ ಸರ್ವಾಧಿಕಾರಿಯ ಹೆಸರದು. ಭಯವನ್ನು ಸೂಚಿಸುತ್ತಿದ್ದ ಹೆಸರು ಐವತ್ತು ವರ್ಷಗಳಲ್ಲಿ ಮನರಂಜನೆಯ ಹೆಸರಾದುದು ವಿಚಾರಮಾಡತಕ್ಕ ಸಂಗತಿಯೇ ಸರಿ.

ಇದೇ ಮಾದರಿಯು ‘ಬಿಗ್ ಬಾಸ್’ ಎಂಬ ಹೆಸರಿನಿಂದ 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಬಂದಿತು. ಕನ್ನಡದ ಮೊದಲನೆಯ ಆವೃತ್ತಿಯನ್ನು ಈಟಿವಿ ಕನ್ನಡ ವಾಹಿನಿಯು ಪ್ರಸಾರಮಾಡಿತು. ನಟ ಸುದೀಪರು ಅದನ್ನು ನಿರೂಪಿಸಿದರು. ಆ ‘ಕನ್ನಡದ ಮನೆ’ ಇದ್ದುದು ಮಹಾರಾಷ್ಟ್ರದ ಲೋಣಾವಳದಲ್ಲಿ. ಮುಂದೆ ಅದು ಬಿಡದಿಯ ಬಳಿಗೆ ಸ್ಥಳಾಂತರಗೊಂಡಿತು. 2022ರ ಕೊನೆಯಲ್ಲಿ ಮುಗಿದ ಒಂಬತ್ತನೆಯ ಆವೃತ್ತಿಯಲ್ಲಿ ತುಳು ಚಿತ್ರರಂಗದ ರೂಪೇಶ್ ಶೆಟ್ಟಿಯವರು ಗೆದ್ದಾಗ ಕರಾವಳಿಯವರು ತಾವೇ ಗೆದ್ದಷ್ಟು ಸಂತೋಷಪಟ್ಟರು. ‘ನಮ್ಮೂರಿನವನು’ ಎಂಬ ಭಾವನೆಯೇ ಆ ಸಂತೋಷದ ಮೂಲ.

ಎಷ್ಟರಮಟ್ಟಿಗೆ ನಿಜ?

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮೇಲೆ ಹೇಳಿದ 1973ರ ಅಮೆರಿಕನ್ ಸಂಸಾರದ ಕಾರ್ಯಕ್ರಮಕ್ಕಾಗಿ ಸುಮಾರು 300 ಗಂಟೆಗಳಷ್ಟು ಚಿತ್ರೀಕರಿಸಿದ್ದರು. ಪ್ರೇಕ್ಷಕರಿಗೆ ದೊರೆತುದು ಸುಮಾರು 12 ಗಂಟೆ. ಅಂದರೆ 25 ಪಾಲಿನಲ್ಲಿ 24 ಪಾಲನ್ನು ಕತ್ತರಿಸಿ ಎಸೆದರು. ಇಂದಿನ ರೀತಿಯ ಒಂದು ಮನೆಯಲ್ಲಿ 50 ಕ್ಯಾಮರಾಗಳು ಹಗಲಿರುಳೂ ಕೆಲಸಮಾಡುತ್ತವೆಯೆಂದು ಇಟ್ಟುಕೊಳ್ಳೋಣ. ಒಂದು ದಿನಕ್ಕೆ 50 × 24 = 1200 ಗಂಟೆಗಳ ಚಿತ್ರವಾಯಿತು. ಅದರಲ್ಲಿ ನಾವು ನೋಡುವುದು ಒಂದು ಗಂಟೆ ಮಾತ್ರ. ಉಳಿದ 1199 ಗಂಟೆಗಳಲ್ಲಿ ಏನಿತ್ತೆಂಬುದು ಕತ್ತರಿ ಹಿಡಿದ ಸಂಕಲನಕಾರನಿಗೆ ತಿಳಿದೀತೇ ಹೊರತು ನಮಗೆ ತಿಳಿಯದು.

ಕತ್ತರಿಯ ಶಕ್ತಿ ಎಷ್ಟೆಂಬುದನ್ನು ಸುಮಾರು ನೂರು ವರ್ಷಗಳ ಹಿಂದೆಯೇ ರಷ್ಯದ ಚಲನಚಿತ್ರ ನಿರ್ದೇಶಕ ಲೆವ್ ಕುಲೆಷೋವ್ ತೋರಿಸಿಕೊಟ್ಟರು. ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ಚಿತ್ರವನ್ನು ಒಮ್ಮೆ ಊಟದ ತಟ್ಟೆಯೊಡನೆಯೂ ಮತ್ತೊಮ್ಮೆ ಶವಪೆಟ್ಟಿಗೆಯೊಡನೆಯೂ ಜೋಡಿಸಿದಾಗ, ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡರಂತೆ. ಮುಖ ಬದಲಾಗಿರಲಿಲ್ಲ, ಅದರ ನೆರೆಯ ಚಿತ್ರ ಬದಲಾಗಿತ್ತು. ಸೋಮವಾರ ನಕ್ಕ ನಗುವನ್ನು ಬುಧವಾರದ ಅಳುವಿನ ಪಕ್ಕದಲ್ಲಿ ಇಟ್ಟರೆ, ನಕ್ಕವನು ಕಟುಕನಾಗಿ ಕಾಣುವುದು ಹೀಗೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ನಿಜದ ತುಂಡುಗಳ ಕ್ರಮವನ್ನು ಬದಲಿಸಿದರೆ ಸಾಕು.

ತಾಳಮದ್ದಳೆಯ ಹೋಲಿಕೆ

ಬರೆದಿಟ್ಟ ಮಾತಿಲ್ಲದೆ ಜನರನ್ನು ಗಂಟೆಗಟ್ಟಲೆ ಹಿಡಿದಿಡುವ ಕಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಕಥೆ ಎಲ್ಲರಿಗೂ ತಿಳಿದಿರುತ್ತದೆ. ಭಾಗವತರು ಹಾಡುವ ಪದ್ಯವೂ ಗೊತ್ತು. ಆದರೆ ಅರ್ಥಧಾರಿಯು ಏನು ಮಾತನಾಡುವನೆಂಬುದು ಅವನು ಬಾಯಿ ತೆರೆಯುವವರೆಗೆ ಯಾರಿಗೂ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಅಥವಾ ರಾವಣನ ಪಕ್ಷವನ್ನು ಹಿಡಿದು ವಾದಿಸತೊಡಗಿದರೆ ಎದುರು ಕುಳಿತ ರಾಮನು ಹೇಗೆ ಉತ್ತರಿಸುವನೋ ಎಂಬ ಕುತೂಹಲದಿಂದಲೇ ಜನ ರಾತ್ರಿ ಕಳೆಯುತ್ತಿದ್ದರು. ಚೌಕಟ್ಟು ನಿಶ್ಚಿತ, ಮಾತು ಅನಿಶ್ಚಿತ - ರಿಯಾಲಿಟಿ ಷೋದ ಆಕರ್ಷಣೆಯ ಸೂತ್ರವೂ ಇದೇ.

ಆದರೆ ಭೇದವೂ ಇದೆ. ಮೊದಲನೆಯದಾಗಿ, ತಾಳಮದ್ದಳೆಯ ಕೂಟವು ಕತ್ತರಿಯಿಲ್ಲದೆ ನಮ್ಮ ಕಣ್ಣೆದುರಿನಲ್ಲಿಯೇ ನಡೆಯುತ್ತದೆ. ಎರಡನೆಯದಾಗಿ, ಬಯಲಾಟವನ್ನು ನೋಡುವವನಿಗೆ ಅದು ವೇಷವೆಂಬುದು ಗೊತ್ತು. ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುವುದನ್ನು ಹುಡುಗರು ಇಣಿಕಿ ನೋಡಿಯೇ ರಂಗಸ್ಥಳದ ಮುಂದೆ ಬಂದು ಕುಳಿತಿರುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅರ್ಥಧಾರಿಯು ವಾದದಲ್ಲಿ ಸೋತರೆ ಸೋತವನು ಪಾತ್ರಧಾರಿಯಲ್ಲ, ಪಾತ್ರ. ಬೆಳಗಾದ ಮೇಲೆ ರಾಮನೂ ರಾವಣನೂ ಒಂದೇ ಪಂಕ್ತಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ರಿಯಾಲಿಟಿ ಷೋದಲ್ಲಿ ಕಳಚಿಡಲು ವೇಷವಿಲ್ಲ. ಅಲ್ಲಿ ಅಂಟಿದ ಕೆಟ್ಟ ಹೆಸರು ಅದೇ ಮುಖ, ಅದೇ ಹೆಸರುಗಳೊಡನೆ ಮನೆಗೆ ಬರುತ್ತದೆ.

ಮನಸ್ಸನ್ನು ಸೆಳೆಯುವ ಶಕ್ತಿಗಳು

ಇಂಥ ನೋಟದ ಕಡೆಗೆ ಮನಸ್ಸು ಏಕೆ ಹರಿಯುತ್ತದೆಂಬುದಕ್ಕೆ ಮನಶ್ಶಾಸ್ತ್ರಜ್ಞರು ಹಲವು ಕಾರಣಗಳನ್ನು ಕೊಡುತ್ತಾರೆ.

ಒಂದು: ಪರರ ವಿಚಾರದಲ್ಲಿ ಕುತೂಹಲ. ಮನುಷ್ಯನು ಗುಂಪಿನಲ್ಲಿ ಬಾಳುವ ಪ್ರಾಣಿ. ಗುಂಪಿನಲ್ಲಿ ಯಾರು ನಂಬತಕ್ಕವರು, ಯಾರು ಮೋಸಗಾರರು ಎಂಬುದನ್ನು ತಿಳಿಯುವುದು ಅವನ ಉಳಿವಿಗೆ ಅವಶ್ಯವಾಗಿತ್ತು. ಮಂಗಗಳು ಒಂದರ ಮೈಯನ್ನು ಇನ್ನೊಂದು ಸವರಿ ಹೇನು ಹೆಕ್ಕಿ ಸ್ನೇಹವನ್ನು ಕಾಪಾಡಿಕೊಳ್ಳುವಂತೆ ಮನುಷ್ಯರು ಮಾತಿನಿಂದ ಸ್ನೇಹವನ್ನು ಕಾಪಾಡಿಕೊಳ್ಳುತ್ತಾರೆಂಬುದು ಇಂಗ್ಲೆಂಡಿನ ರಾಬಿನ್ ಡನ್‌ಬಾರರ ವಾದ. ಜನರ ಸಹಜ ಸಂಭಾಷಣೆಗಳನ್ನು ಅವರು ಪರಿಶೀಲಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಾತು ಜನರ ವಿಷಯವೇ ಆಗಿತ್ತು. ಜಗಲಿಯ ಹರಟೆಯೂ ಬಿ.ಸಿ. ರೋಡಿನ ಬಸ್ಸುನಿಲ್ದಾಣದ ಮಾತುಕತೆಯೂ ಇದಕ್ಕೆ ಸಾಕ್ಷಿ. ರಿಯಾಲಿಟಿ ಷೋ ಈ ಹಳೆಯ ಹಸಿವಿಗೆ ಸಿದ್ಧಪಡಿಸಿದ ಊಟ.

ಎರಡು: ಏಕಮುಖ ಸ್ನೇಹ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಒಂದು ವಿಚಿತ್ರವಾದ ಸಂಬಂಧವನ್ನು ಗುರುತಿಸಿದರು. ಕಿರುತೆರೆಯ ವ್ಯಕ್ತಿಯನ್ನು ದಿನವೂ ನೋಡುವವನಿಗೆ ಆತನು ತನ್ನ ಆಪ್ತನೆಂದೇ ಅನ್ನಿಸತೊಡಗುತ್ತದೆ. ಆ ವ್ಯಕ್ತಿಗಾದರೋ ಇವನ ಅಸ್ತಿತ್ವವೇ ತಿಳಿಯದು. ಇದರ ಜೊತೆಗೆ, ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದಷ್ಟೂ ಅದು ಪ್ರಿಯವಾಗುತ್ತದೆಂದು ರಾಬರ್ಟ್ ಝಾಯಾನ್ಸ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಸುಮಾರು ನೂರು ರಾತ್ರಿ ಒಬ್ಬನು ಹಲ್ಲುಜ್ಜುವುದನ್ನೂ ಮುನಿಸಿಕೊಳ್ಳುವುದನ್ನೂ ನೋಡಿದ ಮೇಲೆ, ದೂರದ ನೆಂಟನಿಗಿಂತ ಆತನೇ ಹತ್ತಿರದವನೆನಿಸಿದರೆ ಆಶ್ಚರ್ಯವಿಲ್ಲ.

ಮೂರು: ಹೋಲಿಕೆ. ತನ್ನ ಗುಣಾವಗುಣಗಳನ್ನು ಅಳೆಯಲು ಗಜಕಡ್ಡಿಯಿಲ್ಲದುದರಿಂದ ಮನುಷ್ಯನು ಇತರರೊಡನೆ ತನ್ನನ್ನು ಹೋಲಿಸಿಕೊಳ್ಳುತ್ತಾನೆಂದು ಲಿಯಾನ್ ಫೆಸ್ಟಿಂಜರ್ 1954ರಲ್ಲಿ ಪ್ರತಿಪಾದಿಸಿದರು. ತನಗಿಂತ ಹೆಚ್ಚು ಮೂರ್ಖನಾಗಿ, ಹೆಚ್ಚು ಕೋಪಿಷ್ಠನಾಗಿ ಕಾಣುವವನನ್ನು ನೋಡಿದಾಗ ‘ನಾನು ಪರವಾಗಿಲ್ಲ’ ಎಂಬ ಸಮಾಧಾನ ಹುಟ್ಟುತ್ತದೆ. 2004ರಲ್ಲಿ ಸ್ಟೀವನ್ ರೀಸ್ ಮತ್ತು ಜೇಮ್ಸ್ ವಿಲ್ಟ್ಸ್ ಎಂಬವರು 239 ಮಂದಿ ವಯಸ್ಕರ ಅಭಿರುಚಿಗಳನ್ನು ಪರೀಕ್ಷಿಸಿದರು. ಇಂಥ ಕಾರ್ಯಕ್ರಮಗಳನ್ನು ಹೆಚ್ಚಾಗಿ ಮೆಚ್ಚುವವರಲ್ಲಿ ಪ್ರತಿಷ್ಠೆಯ ಬಯಕೆಯು ಉಳಿದವರಿಗಿಂತ ಹೆಚ್ಚಾಗಿತ್ತು. ಅದಕ್ಕಿಂತ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಸೇಡಿನ ಬಯಕೆಯೂ ಇತ್ತು. ತನ್ನಂಥ ಸಾಮಾನ್ಯನೂ ಹೆಸರು ಗಳಿಸಬಲ್ಲನೆಂಬ ಆಸೆಯು ಪ್ರತಿಷ್ಠೆಯ ಈ ಬಯಕೆಗೆ ನೀರೆರೆಯುತ್ತದೆ.

ನಾಲ್ಕು: ಅನಿಶ್ಚಿತತೆ ಮತ್ತು ಅಧಿಕಾರ. ಮುಂದೇನಾಗುವುದೋ ಎಂಬ ಸಂದಿಗ್ಧದಲ್ಲಿ ಕಂತು ನಿಲ್ಲುತ್ತದೆ. ಯಾವಾಗ ದೊರೆಯುವುದೆಂದು ತಿಳಿಯದ ಪ್ರತಿಫಲಕ್ಕಾಗಿ ಪ್ರಾಣಿಗಳು ಬಿಡದೆ ಪ್ರಯತ್ನಿಸುತ್ತವೆಂಬುದನ್ನು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ವಿಸ್ತಾರವಾಗಿ ವರ್ಣಿಸಿದ್ದರು. ಇದರ ಮೇಲೆ ಮತ ಹಾಕುವ ಅವಕಾಶ ಬೇರೆ. ಮನೆಯಲ್ಲಿ ಯಾರೂ ಮಾತು ಕೇಳದ ಹುಡುಗನಿಗೂ ‘ನಾನು ಒಬ್ಬನನ್ನು ಉಳಿಸಿದೆ’ ಎಂಬ ಅಧಿಕಾರ ದೊರೆಯುತ್ತದೆ. ಆದರೆ ಈ ಮತಗಣನೆಯು ಜನಾಭಿಪ್ರಾಯದ ಅಳತೆಯಲ್ಲ. ಉತ್ಸಾಹವುಳ್ಳವನು ಮಾತ್ರ ಮತ ಹಾಕುತ್ತಾನೆ. ಒಬ್ಬನೇ ಹಲವು ಮತ ಹಾಕಲು ಅವಕಾಶವಿದ್ದ ಪಕ್ಷದಲ್ಲಿ ಲೆಕ್ಕವು ತಲೆಗಳದ್ದಾಗದೆ ಬೆರಳುಗಳದ್ದಾಗುತ್ತದೆ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ನೋಡುವವನ ಮೇಲಣ ಪರಿಣಾಮ

ಪರಿಣಾಮವೆಲ್ಲವೂ ಕೆಟ್ಟದ್ದೆಂದು ಹೇಳುವುದು ನ್ಯಾಯವಲ್ಲ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಲಮಾಣಿಯವರು ‘ಸರಿಗಮಪ’ದ ಮೂಲಕ ನಾಡಿಗೆ ಪರಿಚಿತರಾಗಿ 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೆಯ ಆವೃತ್ತಿಯನ್ನು ಗೆದ್ದರು. ಶಿಫಾರಸ್ಸಿಲ್ಲದವನಿಗೂ ವೇದಿಕೆ ದೊರೆಯಬಲ್ಲದೆಂಬುದು ಹಳ್ಳಿಯ ಹುಡುಗರಿಗೆ ಕೊಡುವ ಧೈರ್ಯ ಸಣ್ಣದಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ‘ಇವನು ಮಾಡಿದ್ದು ಸರಿಯೇ?’ ಎಂದು ಚರ್ಚಿಸುವುದೂ ಒಂದು ಬಗೆಯ ನೀತಿಪಾಠವೇ.

ಆದರೆ ಇನ್ನೊಂದು ಮಗ್ಗುಲೂ ಇದೆ. 1961ರಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಅವರ ಸಂಗಡಿಗರು 72 ಮಂದಿ ಚಿಕ್ಕ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ದೊಡ್ಡವರು ಗೊಂಬೆಯನ್ನು ಹೊಡೆದು ಬೈಯುವುದನ್ನು ನೋಡಿದ ಮಕ್ಕಳು, ಅವಕಾಶ ದೊರೆತಾಗ, ಅದೇ ಹೊಡೆತವನ್ನೂ ಅದೇ ಬೈಗುಳನ್ನೂ ಅನುಕರಿಸಿದರು. 1963ರಲ್ಲಿ ಅದನ್ನೇ ಚಲನಚಿತ್ರದ ಮೂಲಕ ತೋರಿಸಿದಾಗಲೂ ಅನುಕರಣೆ ಕಂಡುಬಂದಿತು. ಪ್ರಯೋಗಶಾಲೆಯ ಗೊಂಬೆಯಿಂದ ನಿತ್ಯಜೀವನಕ್ಕೆ ನೇರವಾಗಿ ಹಾರುವುದು ತಪ್ಪಾದೀತು; ಆದರೂ ಕಿರಿಚಾಡಿದವನಿಗೆ ಚಪ್ಪಾಳೆ ದೊರೆಯುವುದನ್ನು ದಿನವೂ ನೋಡುವ ಬಾಲಕನು ಕಿರಿಚುವುದೇ ವಾದಿಸುವ ವಿಧಾನವೆಂದು ಕಲಿಯುವ ಸಂಭವವಿದೆ. ಪೆನ್ಸಿಲ್ವೇನಿಯಾದ ಜಾರ್ಜ್ ಗರ್ಬ್ನರ್ ಮತ್ತು ಅವರ ಸಹೋದ್ಯೋಗಿಗಳು, ಅತಿಯಾಗಿ ಟೆಲಿವಿಷನ್ ನೋಡುವವರು ಲೋಕವನ್ನು ಇದ್ದುದಕ್ಕಿಂತ ಹೆಚ್ಚು ಕ್ರೂರವೆಂದು ಭಾವಿಸುವುದನ್ನು ಕಂಡರು. ಎಲ್ಲರೂ ಬೆನ್ನಹಿಂದೆ ಸಂಚು ಹೂಡುವವರೇ ಎಂಬ ಶಂಕೆಯನ್ನು ನೂರು ದಿನ ಉಣಿಸಿದರೆ, ನೆರೆಮನೆಯವರ ಮಾತಿನಲ್ಲಿಯೂ ಸಂಚನ್ನು ಹುಡುಕುವ ಅಭ್ಯಾಸ ಬೆಳೆದೀತು.

ಸರಕಾರವೂ ಆಯೋಗಗಳೂ ಕೆಲವೊಮ್ಮೆ ಮಧ್ಯೆ ಪ್ರವೇಶಿಸಿರುವುದುಂಟು. ನೃತ್ಯಸ್ಪರ್ಧೆಗಳಲ್ಲಿ ಮಕ್ಕಳಿಂದ ವಯಸ್ಸಿಗೆ ತಕ್ಕುದಲ್ಲದ ಹಾವಭಾವಗಳನ್ನು ಮಾಡಿಸಬಾರದೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2019ರ ಜೂನ್ ತಿಂಗಳಲ್ಲಿ ವಾಹಿನಿಗಳಿಗೆ ಸಲಹೆಯಿತ್ತಿತು. 2024ರಲ್ಲಿ ಬಿಗ್ ಬಾಸ್ ಮನೆಯನ್ನು ‘ಸ್ವರ್ಗ’, ‘ನರಕ’ ಎಂದು ಇಬ್ಭಾಗಿಸಿದಾಗ, ನರಕದಲ್ಲಿದ್ದವರನ್ನು ನಡೆಸಿಕೊಂಡ ರೀತಿಯನ್ನು ಕುರಿತು ರಾಜ್ಯ ಮಹಿಳಾ ಆಯೋಗವು ಆಕ್ಷೇಪವೆತ್ತಿತು. 2023ರ ಅಕ್ಟೋಬರಿನಲ್ಲಿಯಂತೂ ಸ್ಪರ್ಧಿಯೊಬ್ಬರ ಕೊರಳಲ್ಲಿದ್ದ ಹುಲಿಯುಗುರಿನ ಪದಕವನ್ನು ತೆರೆಯ ಮೇಲೆ ಕಂಡವರ ದೂರಿನಿಂದಾಗಿ ಅರಣ್ಯಾಧಿಕಾರಿಗಳು ಅವರನ್ನು ಬಂಧಿಸಿದರು. ಕೃತಕವಾದ ಮನೆಯ ಗೋಡೆಯು ಹೊರಗಿನ ಲೋಕವನ್ನು ತಡೆಯಲಾರದೆಂಬುದಕ್ಕೆ ಇದು ನಿದರ್ಶನ.

ತೆರೆಯ ಆ ಕಡೆಯವರ ಪಾಡು

ನೋಡುವವನ ಮೇಲಾಗುವ ಅತಿ ಸೂಕ್ಷ್ಮವಾದ ಪರಿಣಾಮವೆಂದರೆ, ತಾನು ನೋಡುತ್ತಿರುವುದು ಒಂದು ಜೀವವೆಂಬುದನ್ನು ಮರೆಯುವುದು. ಸುವರ್ಣ ವಾಹಿನಿಯ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಎಂಬ ಕಾರ್ಯಕ್ರಮದಲ್ಲಿ ಹೆಗ್ಗಡದೇವನಕೋಟೆಯ ಕಾಡಿನಂಚಿನ ಹಾಡಿಯಿಂದ ಬಂದ ರಾಜೇಶ್ ಎಂಬ ಯುವಕರು ವಿಜಯಿಗಳಾದರು. ನಗರದ ರೀತಿನೀತಿಗಳನ್ನರಿಯದ ಅವರ ತಬ್ಬಿಬ್ಬನ್ನು ಕಂಡು ನಾಡೆಲ್ಲ ನಕ್ಕಿತು, ಮೆಚ್ಚಿತು. ಚಲನಚಿತ್ರದ ನಾಯಕರೂ ಆದರು. ಬಳಿಕ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾಗಿ ಚಿಕಿತ್ಸೆ ಪಡೆದರು. 2013ರಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡರು. ಒಂದು ಸಾವಿಗೆ ಒಂದೇ ಕಾರ್ಯಕ್ರಮವನ್ನು ಕಾರಣವೆಂದು ಹೇಳುವುದು ವಿಜ್ಞಾನಸಮ್ಮತವಲ್ಲ. ಆದರೆ ಕೆಲವೇ ತಿಂಗಳಲ್ಲಿ ಹಾಡಿಯಿಂದ ಹೊಳೆಯುವ ದೀಪಗಳಿಗೂ ಅಲ್ಲಿಂದ ಕತ್ತಲೆಗೂ ಒಬ್ಬನನ್ನು ಒಯ್ಯುವ ಈ ಯಂತ್ರಕ್ಕೆ, ದೀಪ ಆರಿದ ಮೇಲೆ ಅವನನ್ನು ನೋಡಿಕೊಳ್ಳುವ ಹೊಣೆಯೂ ಇರಬೇಡವೆ? ನಕ್ಕವರಾದ ನಮಗೂ ಆ ಪ್ರಶ್ನೆಯಲ್ಲಿ ಪಾಲಿದೆ.

ತುಂಡು ಚಿತ್ರ ಮತ್ತು ಕಂಬಳದ ಕರೆ

ತುಂಡು ನಿಜವು ಹೇಗೆ ದಾರಿ ತಪ್ಪಿಸಬಲ್ಲದೆಂಬುದಕ್ಕೆ ನಮ್ಮ ಪ್ರದೇಶದ್ದೇ ಒಂದು ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ತಾಲೂಕಿನ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಕೆಲವೇ ದಿನಗಳ ನಂತರ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಟ್ಟಿದರು. ಕೆಲವು ಕ್ಷಣಗಳ ಚಿತ್ರವು ಲೋಕವೆಲ್ಲ ಹರಡಿತು. 13.62ನ್ನು 1.425ರಿಂದ ಭಾಗಿಸಿದರೆ 100 ಮೀಟರಿಗೆ ಸುಮಾರು 9.56 ಸೆಕೆಂಡು, ಉಸೇನ್ ಬೋಲ್ಟರು 2009ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ದಾಖಲೆ 9.58. ‘ಬೋಲ್ಟನನ್ನು ಮೀರಿಸಿದ ಭಾರತೀಯ’ ಎಂಬ ಕೂಗೆದ್ದಿತು.

ಭಾಗಾಕಾರವು ಸರಿ, ಹೋಲಿಕೆಯು ತಪ್ಪು. ಹೇಗೆಂದರೆ, ಬೋಲ್ಟರು ನಿಶ್ಚಲ ಸ್ಥಿತಿಯಿಂದ ಹೊರಟು ಮೊದಲ 10 ಮೀಟರಿಗೇ ಸುಮಾರು 1.89 ಸೆಕೆಂಡು ಕಳೆದರು. ಓಟವು ಉದ್ದವಾದಷ್ಟೂ ಈ ಆರಂಭದ ನಷ್ಟವು ಸರಾಸರಿಯಲ್ಲಿ ಕಡಿಮೆಯಾಗುತ್ತದೆ, ಆದುದರಿಂದ 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಇಳಿಸುವುದು ಸಲ್ಲದು. ಅಲ್ಲದೆ ಕಂಬಳದ ಓಟಗಾರನು ಕೋಣಗಳನ್ನು ಹಿಡಿದು ಓಡುತ್ತಾನೆ. ಅವುಗಳ ಎಳೆತವು ಅವನ ವೇಗಕ್ಕೆ ಕೂಡುತ್ತದೆ. ಕೆಸರಿನ ತಡೆಯಾದರೋ ಅವನ ವೇಗದಿಂದ ಕಳೆಯುತ್ತದೆ. ಇವೆರಡು ಬೇರೆ ಬೇರೆ ವಿದ್ಯೆಗಳು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಪರೀಕ್ಷಾ ಓಟಕ್ಕೆ ಆಹ್ವಾನವಿತ್ತಾಗ ಶ್ರೀನಿವಾಸ ಗೌಡರು ಒಪ್ಪದೆ ಕಂಬಳದಲ್ಲಿಯೇ ಮುಂದುವರಿಯಬಯಸಿದರು. ತುಂಡು ಚಿತ್ರವನ್ನು ನೋಡಿದ ಲೋಕವು ಅಳೆಯಲಾರದೆ ಹೋದುದನ್ನು ಗದ್ದೆಯಲ್ಲಿ ಓಡಿದವರು ಅಳೆದಿದ್ದರು.

ವಿದ್ಯಾರ್ಥಿಗಳಿಗೆ ಅಭ್ಯಾಸ

ನೋಡಬಾರದೆಂದು ನಾವು ಹೇಳುವುದಿಲ್ಲ. ತಿಳಿದು ನೋಡಬೇಕೆಂದು ಹೇಳುತ್ತೇವೆ. ಅದಕ್ಕಾಗಿ ಕೆಳಗಿನ ನಾಲ್ಕು ಪ್ರಯೋಗಗಳನ್ನು ಮಾಡಿರಿ. ಬೇಕಾದುದು ಒಂದು ಗಡಿಯಾರ, ಒಂದು ಕಾಗದ.

1. ಯಾವುದಾದರೊಂದು ರಿಯಾಲಿಟಿ ಷೋದ ಹತ್ತು ನಿಮಿಷಗಳಲ್ಲಿ ದೃಶ್ಯವು ಎಷ್ಟು ಸಲ ಕತ್ತರಿಸಲ್ಪಡುತ್ತದೆಂದು ಎಣಿಸಿರಿ. ಒಂದೊಂದು ತುಂಡಿನ ಸರಾಸರಿ ಅವಧಿಯನ್ನು ಲೆಕ್ಕ ಹಾಕಿರಿ.

2. ಜಗಳದ ದೃಶ್ಯವೊಂದನ್ನು ಧ್ವನಿಯಿಲ್ಲದೆ ನೋಡಿ, ಬಳಿಕ ಧ್ವನಿಯೊಡನೆ ನೋಡಿರಿ. ಹಿನ್ನೆಲೆ ಸಂಗೀತವು ಯಾರನ್ನು ದುಷ್ಟನೆಂದು ಮೊದಲೇ ತೀರ್ಮಾನಿಸಿದೆ?

3. ಮೂವರು ಸ್ನೇಹಿತರು ಒಂದೇ ಕಂತನ್ನು ಬೇರೆ ಬೇರೆಯಾಗಿ ನೋಡಿ, ಯಾರದು ತಪ್ಪೆಂದು ಬರೆದಿಡಿರಿ. ಉತ್ತರಗಳಲ್ಲಿ ಭೇದ ಕಂಡುಬಂದರೆ ಅದು ಯಾವುದರಿಂದ ಬಂದಿತೆಂದು ಚರ್ಚಿಸಿರಿ.

4. ಒಂದು ರಾತ್ರಿ ತಾಳಮದ್ದಳೆಯನ್ನೋ ಬಯಲಾಟವನ್ನೋ ಆದಿಯಿಂದ ಕೊನೆಯವರೆಗೆ ನೋಡಿರಿ. ಅಲ್ಲಿ ನಿಮಗೆ ಬೇಸರವಾದ ನಿಮಿಷಗಳನ್ನೂ ಗುರುತು ಹಾಕಿಕೊಳ್ಳಿರಿ. ಕಿರುತೆರೆಯು ನಮ್ಮಿಂದ ಕತ್ತರಿಸಿ ತೆಗೆದಿರುವುದು ಬಹುಮಟ್ಟಿಗೆ ಅಂಥ ನಿಮಿಷಗಳನ್ನೇ. ಮನುಷ್ಯರ ನಿಜವಾದ ಬಾಳಿನ ಹೆಚ್ಚಿನ ಭಾಗವೂ ಅಂಥ ನಿಮಿಷಗಳಲ್ಲಿಯೇ ಇದೆ.